ಯಾರು ನೋಡಿದರು, ಯಾರು ತೆತ್ತರು, ಯಾರು ದುಡಿದರು?



ದತ್ತಿ ಉಪನ್ಯಾಸವೆಂದರೆ ಶಾಸನ, ಸಾಹಿತ್ಯ, ಶರಣರು, ದಾಸರು ಎಂದು ನಿರೀಕ್ಷಿಸುವುದು ವಾಡಿಕೆ. ಇಂದು ನಾನು ಆರಿಸಿಕೊಂಡದ್ದು ಅಷ್ಟು ತೂಕದ್ದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ದುಡಿಮೆ ಮುಗಿದ ಮೇಲೆ ಜನ ಏನು ಮಾಡುತ್ತಿದ್ದರು, ಎಲ್ಲಿ ಸೇರುತ್ತಿದ್ದರು, ಯಾವುದಕ್ಕೆ ನಗುತ್ತಿದ್ದರು, ಅದಕ್ಕಾಗಿ ಗಂಟಿನಿಂದ ಎಷ್ಟು ಬಿಚ್ಚುತ್ತಿದ್ದರು ಎಂಬುದೇ ನನ್ನ ವಿಷಯ. ಕಂದಾಯದ ಲೆಕ್ಕ, ಯುದ್ಧದ ಲೆಕ್ಕ ಇಟ್ಟಷ್ಟು ಶ್ರದ್ಧೆಯಿಂದ ನಮ್ಮ ಚರಿತ್ರೆಕಾರರು ಜಾತ್ರೆಯ, ನಾಟಕದ, ಟೆಂಟ್ ಸಿನಿಮಾದ ಲೆಕ್ಕ ಇಡಲಿಲ್ಲ. ಆದರೆ ಒಂದು ಸಮಾಜ ತನ್ನವರೆಂದು ಯಾರನ್ನು ಎಣಿಸುತ್ತದೆ ಎಂಬುದು ಅದರ ವಿನೋದದ ಜಾಗಗಳಲ್ಲಿ ಬಯಲಾಗುವಷ್ಟು ಕಚೇರಿ ಕಾಗದದಲ್ಲಿ ಬಯಲಾಗುವುದಿಲ್ಲ.

ಇದನ್ನು ತೂಗಿ ನೋಡಲು ಎರಡು ಲೋಕಗಳನ್ನು ಅಕ್ಕಪಕ್ಕ ಇಡುತ್ತೇನೆ. ಒಂದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದ ಮಹಾನಗರಗಳು. ಇನ್ನೊಂದು, ಅದೇ ಕಾಲದಿಂದ ಈಚೆಗಿನ ನಮ್ಮ ನಾಲ್ಕು ತಾಲ್ಲೂಕುಗಳು: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಎರಡಕ್ಕೂ ಕೇಳುವ ಪ್ರಶ್ನೆ ಮೂರೇ: ಯಾರು ನೋಡಿದರು? ಯಾರು ತೆತ್ತರು? ಯಾರು ದುಡಿದರು?

ಗಡಿಯಾರದ ಬಿಡುವು

1870ರ ನಂತರ ನ್ಯೂಯಾರ್ಕ್, ಷಿಕಾಗೊ, ಬಾಸ್ಟನ್, ಪಿಟ್ಸ್‌ಬರ್ಗ್‌ಗಳಲ್ಲಿ ಕಾರ್ಖಾನೆಯ ಸೈರನ್ನು ದಿನವನ್ನು ಕತ್ತರಿಸತೊಡಗಿತು. ಸೈರನ್ನಿನ ಒಳಗಿನದು ಯಜಮಾನನ ಹೊತ್ತು, ಹೊರಗಿನದು ಕೂಲಿಯವನ ಹೊತ್ತು. 1886ರ ಮೇ 1ರಂದು ಲಕ್ಷಾಂತರ ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದದ್ದು ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂಬ ಬೇಡಿಕೆಗೆ. ಎಂಟು ಗಂಟೆ ದುಡಿಮೆಗೆ, ಎಂಟು ಗಂಟೆ ನಿದ್ದೆಗೆ, ಉಳಿದ ಎಂಟು ಗಂಟೆ ನಮಗೆ ಬಿಟ್ಟದ್ದು ಎಂಬುದು ಅವರ ವಾದ. ಮೇ ದಿನವನ್ನು ನಾವು ಕೂಲಿಯ ಹೋರಾಟವೆಂದು ನೆನೆಯುತ್ತೇವೆ. ಅದು ಬಿಡುವಿನ ಹೋರಾಟವೂ ಆಗಿತ್ತು.

ಆ ಬಿಡುವು ಸಿಗತೊಡಗಿದ ಕೂಡಲೇ ಅದನ್ನು ಕೊಳ್ಳುವ ವ್ಯಾಪಾರಿಗಳು ಬಾಗಿಲಿಗೆ ಬಂದರು. 1876ರಲ್ಲಿ ಬೇಸ್‌ಬಾಲ್ ಆಟದ ನ್ಯಾಷನಲ್ ಲೀಗ್ ಹುಟ್ಟಿತು. ಅದರ ಟಿಕೆಟ್ಟು 50 ಸೆಂಟು. ಭಾನುವಾರ ಆಟವಿಲ್ಲ, ಮೈದಾನದಲ್ಲಿ ಬಿಯರ್ ಇಲ್ಲ. ವಾರಕ್ಕೆ ಒಂದೇ ದಿನ ಬಿಡುವಿದ್ದ ಕೂಲಿಯವನಿಗೆ ಆ ಗೇಟು ಮುಚ್ಚಿದಂತೆಯೇ. 1882ರಲ್ಲಿ ಪೈಪೋಟಿಗೆ ಬಂದ ಅಮೆರಿಕನ್ ಅಸೋಸಿಯೇಷನ್ ಟಿಕೆಟ್ಟನ್ನು 25 ಸೆಂಟಿಗೆ ಇಳಿಸಿತು, ಭಾನುವಾರವೂ ಆಡಲು ಬಿಟ್ಟಿತು, ಬಿಯರನ್ನೂ ಮಾರಿತು. ಆಟ ಒಂದೇ. ದರ ಬದಲಾದಾಗ ಗ್ಯಾಲರಿಯ ಮುಖಗಳೂ ಬದಲಾದವು.

ನಗೆ, ಹಾಡು, ಕುಣಿತ, ಜಾದೂ, ದೊಂಬರಾಟ ಎಲ್ಲವನ್ನೂ ಒಂದೇ ಸಂಜೆಗೆ ಪೋಣಿಸಿದ ವಾಡೆವಿಲ್ ರಂಗ ಮೊದಲು ಹೆಂಡದಂಗಡಿಗೆ ಅಂಟಿಕೊಂಡಿದ್ದ ಗಂಡಸರ ಜಾಗ. 1881ರಲ್ಲಿ ನ್ಯೂಯಾರ್ಕಿನ ಟೋನಿ ಪ್ಯಾಸ್ಟರ್ ತನ್ನ ರಂಗಮಂದಿರದಿಂದ ಹೆಂಡವನ್ನು ಹೊರಹಾಕಿ, ಪೋಲಿ ಮಾತಿಗೆ ಕಡಿವಾಣ ಹಾಕಿದ. ಹೆಂಗಸರು ಬರಲೆಂದು ಕಲ್ಲಿದ್ದಲು, ಹಿಟ್ಟು, ಬಟ್ಟೆಗಳನ್ನು ಬಹುಮಾನವಾಗಿ ಹಂಚಿದ. ಹೆಂಗಸು ಬಂದರೆ ಮನೆಯೇ ಬರುತ್ತದೆ ಎಂದು ವ್ಯಾಪಾರಿ ಬುದ್ಧಿ ಕಂಡುಕೊಂಡಿತ್ತು.

1888ರಲ್ಲಿ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮ್ ಯಶಸ್ವಿಯಾಯಿತು. ಮುಂದೆ ಟ್ರಾಮ್ ಕಂಪನಿಗಳು ಒಂದು ಉಪಾಯ ಹೂಡಿದವು. ಭಾನುವಾರ ಗಾಡಿ ಖಾಲಿ ಓಡಬಾರದೆಂದರೆ ಹಳಿಯ ಕೊನೆಯಲ್ಲಿ ಜನ ಹೋಗಿ ನೋಡುವಂಥದ್ದೇನಾದರೂ ಇರಬೇಕು. ಹೀಗೆ ಊರ ಹೊರಗೆ ವಿನೋದದ ತೋಟಗಳು ಎದ್ದವು. ನ್ಯೂಯಾರ್ಕಿನ ಕಡಲಂಚಿನ ಕೋನಿ ಐಲೆಂಡಿನಲ್ಲಿ 1897ರಲ್ಲಿ ಸ್ಟೀಪಲ್‌ಚೇಸ್ ಪಾರ್ಕ್, 1903ರಲ್ಲಿ ಸಾವಿರಾರು ದೀಪಗಳ ಲೂನಾ ಪಾರ್ಕ್ ತೆರೆದವು. 1893ರ ಷಿಕಾಗೊ ಮಹಾಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ 264 ಅಡಿ ಎತ್ತರದ ಚಕ್ರ ನಿಲ್ಲಿಸಿ, 50 ಸೆಂಟಿಗೆ ಎರಡು ಸುತ್ತು ತಿರುಗಿಸಿದ. ಅದೇ ಪ್ರದರ್ಶನದ ಜೊತೆಯಲ್ಲಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತಾಡಿದ್ದು. ಹಿಂದಿನ ವರ್ಷ ಅವರು ಮೈಸೂರಿಗೆ ಬಂದಾಗ ಸತ್ಕರಿಸಿ ನೆರವಿಗೆ ನಿಂತವರು ಚಾಮರಾಜೇಂದ್ರ ಒಡೆಯರು. ಈ ಎರಡು ಲೋಕಗಳು ನಾವು ಅಂದುಕೊಂಡಷ್ಟು ದೂರವಿರಲಿಲ್ಲ.

ಆದರೆ ಈ ದೀಪಗಳ ಬೆಳಕು ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ನಾಟಕಶಾಲೆ, ವಸತಿಗೃಹ, ಸಾರಿಗೆಗಳಲ್ಲಿ ಬಣ್ಣದ ಭೇದ ಕೂಡದೆಂದು ಅಮೆರಿಕದ ಸಂಸತ್ತು 1875ರಲ್ಲಿ ಕಾಯಿದೆ ಮಾಡಿತ್ತು. 1883ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ತೀರ್ಪಿಗೆ ಒಳಪಟ್ಟ ಮೊಕದ್ದಮೆಗಳಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ರಂಗಮಂದಿರಗಳಲ್ಲಿ ಕರಿಯರಿಗೆ ಜಾಗ ನಿರಾಕರಿಸಿದ ಪ್ರಕರಣಗಳೂ ಇದ್ದವು. ಕೈಯಲ್ಲಿ ಕಾಸಿದ್ದರೂ ಅವರಿಗೆ ಸಿಕ್ಕಿದ್ದು ಮೇಲಿನ ಅಟ್ಟ, ಇಲ್ಲವೇ ಬೀದಿ. ವೇದಿಕೆಯ ಮೇಲೋ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಅವರನ್ನೇ ಅಣಕಿಸಿ ಕಾಸು ಮಾಡಿಕೊಳ್ಳುತ್ತಿದ್ದರು. ಟಿಕೆಟ್ಟು ಎಲ್ಲರನ್ನೂ ಸಮ ಮಾಡುತ್ತದೆ ಎಂಬ ಮಾತನ್ನು ಈ ತೀರ್ಪಿನ ಮುಂದೆ ಇಟ್ಟು ನೋಡಬೇಕು.

ಸುಗ್ಗಿಯ ಬಿಡುವು

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಬಿಡುವನ್ನು ಕೊಡುತ್ತಿದ್ದುದು ಸುಗ್ಗಿ. ಕಣದಲ್ಲಿ ರಾಶಿ ಎತ್ತಿದ ಮೇಲೆ, ಮುಂಗಾರಿನ ಮೊದಲ ಹದಕ್ಕೆ ಮುಂಚೆ, ಸಂಕ್ರಾಂತಿಯಿಂದ ಯುಗಾದಿಯ ಆಚೀಚೆಗೆ ಸಿಗುವ ಆ ತಿಂಗಳುಗಳೇ ನಮ್ಮವರ ‘ಉಳಿದ ಎಂಟು ಗಂಟೆ’. ಆದ್ದರಿಂದಲೇ ನಮ್ಮ ದೊಡ್ಡ ಜಾತ್ರೆಗಳು ಈ ಅವಧಿಯಲ್ಲಿ ಒತ್ತಾಗಿ ಬರುತ್ತವೆ. ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಸನ್ನಿಧಿಯ ದನಗಳ ಜಾತ್ರೆ ಸಂಕ್ರಾಂತಿಯ ಹೊತ್ತಿನದು. ರಾಸು ಕೊಳ್ಳುವುದು ವ್ಯವಹಾರ. ಆದರೆ ಹಲ್ಲು ನೋಡಿ, ಸುಳಿ ನೋಡಿ, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ಸುತ್ತ ನಿಂತು ನೋಡುವುದೇ ಒಂದು ಮನರಂಜನೆ. ಅಲ್ಲಿಯೇ ಬಳೆಯಂಗಡಿ, ಬೆಂಡುಬತ್ತಾಸು, ಕಡ್ಲೆಪುರಿ, ರಂಕುಲರಾಟೆ. ಫೆರಿಸ್ ಮಹಾಶಯ ಉಕ್ಕಿನಲ್ಲಿ ಕಟ್ಟಿದ್ದರ ಮರದ ರೂಪವನ್ನು ನಮ್ಮ ಜಾತ್ರೆಯವರು ಕೈಯಿಂದಲೇ ತಿರುಗಿಸುತ್ತಿದ್ದರು.

ಅದೇ ಸೀಮೆಯ ಕಾವೇರಿ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿ, ಚೆನ್ನಾಜಮ್ಮನವರ ಗದ್ದಿಗೆಗಳಿವೆ. ಶಿವರಾತ್ರಿಯಿಂದ ಯುಗಾದಿಯವರೆಗೆ ನಡೆಯುವ ಆ ಜಾತ್ರೆಗೆ ಮಂಟೇಸ್ವಾಮಿ ಪರಂಪರೆಯ ಒಕ್ಕಲು ಬರುತ್ತಾರೆ. ಆ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಾವ್ಯ ಹಾಡುತ್ತಾರೆ. ಇದು ಭಕ್ತಿಯೊ ಮನರಂಜನೆಯೊ ಎಂದು ಕೇಳಿದರೆ ಕೇಳುವವರು ನಕ್ಕಾರು. ಹರಕೆಗೆ ಹೋದವರು ಕಥೆ ಕೇಳಿ, ಅತ್ತು, ನಕ್ಕು ಬರುತ್ತಾರೆ. ಗಾಯಕನಿಗೆ ಸಲ್ಲುವುದು ಟಿಕೆಟ್ಟಿನ ಹಣವಲ್ಲ, ಪಡಿ ಮತ್ತು ಕಾಣಿಕೆ.

ಜಾತ್ರೆಯನ್ನು ಹೀಗೆ ಹೇಳುವಾಗ ಅದು ಎಲ್ಲರದೂ ಆಗಿತ್ತೆಂದು ಹಾಡಿ ಹೊಗಳುವ ಆಸೆಯಾಗುತ್ತದೆ. ಅದು ಪೂರ್ತಿ ನಿಜವಲ್ಲ. ತೇರಿನ ಹಗ್ಗ ಯಾರು ಹಿಡಿಯಬೇಕು, ತಮಟೆ ಯಾರು ಬಡಿಯಬೇಕು, ದೇವಸ್ಥಾನದ ಯಾವ ಮೆಟ್ಟಿಲಿನವರೆಗೆ ಯಾರು ಬರಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿರುತ್ತಿತ್ತು. ತಮಟೆಯ ಸದ್ದಿಲ್ಲದೆ ಜಾತ್ರೆ ಏಳುತ್ತಿರಲಿಲ್ಲ. ಆ ತಮಟೆಯವನೇ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದ. ಕಪ್ಪಡಿಯಂಥ ಪರಂಪರೆಗಳು ತಳಸಮುದಾಯಗಳ ಒಕ್ಕಲನ್ನು ಒಳಗೆ ಕರೆದುಕೊಂಡದ್ದರ ಬೆಲೆ ತಿಳಿಯುವುದು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಾಗ.

ಕಂಪನಿ ಬಂತು, ಟೆಂಟು ಬಂತು

ಟಿಕೆಟ್ಟಿನ ವಿನೋದ ಈ ಸೀಮೆಗೆ ಅರಮನೆಯ ಬಾಗಿಲಿನಿಂದ ಬಂತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಆಳ್ವಿಕೆ ಮರಳಿತು. ಪಾರ್ಸಿ ಮತ್ತು ಮರಾಠಿ ಕಂಪನಿಗಳ ಆಟ ನೋಡಿದ್ದ ಮೈಸೂರಿನಲ್ಲಿ ಅವರ ಆಸಕ್ತಿಯಿಂದಲೇ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ರೂಪುಗೊಂಡಿತು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು, ಒಥೆಲೊವನ್ನು ‘ಶೂರಸೇನ ಚರಿತ್ರೆ’ಯಾಗಿಸಿದರು. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ನ್ಯೂಯಾರ್ಕಿನಲ್ಲಿ ಪ್ಯಾಸ್ಟರ್ ಹೆಂಗಸರಿಗಾಗಿ ಬಾಗಿಲು ತೆರೆದ ಮೂರನೆಯ ವರ್ಷವದು. ಮುಂದೆ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ, ಗುಬ್ಬಿ ವೀರಣ್ಣನವರ ಕಂಪನಿಗಳು ಅರಮನೆಯ ಹಂಗಿಲ್ಲದೆ ಊರೂರಿನ ಜನರ ಕಾಸಿನಲ್ಲಿ ಬದುಕಬಹುದೆಂದು ತೋರಿಸಿಕೊಟ್ಟವು.

ಅಮೆರಿಕದಲ್ಲಿ ಜನ ಟ್ರಾಮ್ ಹತ್ತಿ ವಿನೋದವಿದ್ದಲ್ಲಿಗೆ ಹೋದರು. ನಮ್ಮಲ್ಲಿ ವಿನೋದವೇ ಗಾಡಿ ಹತ್ತಿ ಜನರಿದ್ದಲ್ಲಿಗೆ ಬಂತು. ಪರದೆ, ಪೆಟಾರಿ, ಅಡುಗೆ ಸಾಮಾನು, ನಟರ ಸಂಸಾರ ಸಮೇತ ಕಂಪನಿ ಒಂದೂರಿನಲ್ಲಿ ಮೊಕ್ಕಾಂ ಹೂಡಿತೆಂದರೆ ತಿಂಗಳುಗಟ್ಟಲೆ ಆಟ. ತಗಡಿನ ಥಿಯೇಟರು, ಬ್ಯಾಂಡಿನೊಡನೆ ಸಾಗುವ ಜಾಹೀರಾತಿನ ಗಾಡಿ, ಹಿಂದೆ ಓಡುವ ಮಕ್ಕಳಿಗೆ ಎಸೆಯುವ ಕರಪತ್ರ. ಇದಕ್ಕೆ ಒಗ್ಗುವ ಊರುಗಳು ನಮ್ಮಲ್ಲಿದ್ದವು. ಹುಣಸೂರು ಕೊಡಗಿನ ಹೆದ್ದಾರಿಯ ಮೇಲಿನ ಪೇಟೆ. ಅಮೃತ್ ಮಹಲ್ ದನಗಳ ಕೇಂದ್ರವಾಗಿ, ಚರ್ಮ ಹದ ಮಾಡುವ ಕಾರ್ಖಾನೆ, ಕಾಫಿ ಸಂಸ್ಕರಣೆಗಳ ಊರಾಗಿ ಇಲ್ಲಿ ಕೂಲಿಯ ನಗದು ಓಡಾಡುತ್ತಿತ್ತು. ಕಾವೇರಿಯ ಪ್ರವಾಹಕ್ಕೆ ಮತ್ತೆಮತ್ತೆ ಸಿಕ್ಕ ಎಡತೊರೆಯ ಬದಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎದ್ದ ಕೃಷ್ಣರಾಜನಗರ ಅಗಲ ಬೀದಿಗಳ ಯೋಜಿತ ಪಟ್ಟಣ, ಭತ್ತದ ವ್ಯಾಪಾರದ ಊರು. ನಗದು ಇದ್ದಲ್ಲಿಗೆ ಕಂಪನಿ ಬರುತ್ತದೆ.

ಕಂಪನಿಗಳ ಲೋಕವೇ ಹುಣಸೂರಿಗೆ ಒಂದು ಹೆಸರನ್ನು ಕೊಟ್ಟಿತು. 1914ರಲ್ಲಿ ಹುಟ್ಟಿದ ಹುಣಸೂರು ಕೃಷ್ಣಮೂರ್ತಿಯವರು ವೃತ್ತಿ ರಂಗಭೂಮಿಯಲ್ಲಿ ಪಳಗಿ ಚಿತ್ರರಂಗಕ್ಕೆ ಹೋದವರು. 1965ರ ‘ಸತ್ಯ ಹರಿಶ್ಚಂದ್ರ’, 1974ರ ‘ಭಕ್ತ ಕುಂಬಾರ’, 1977ರ ‘ಬಭ್ರುವಾಹನ’ ಅವರ ನಿರ್ದೇಶನದವು. ಕಂಪನಿ ನಾಟಕದ ಮಾತಿನ ಏರಿಳಿತ, ಹಾಡಿನ ಜಾಗ, ಹಾಸ್ಯದ ಜೋಡಿ ಎಲ್ಲವೂ ಆ ಚಿತ್ರಗಳಲ್ಲಿ ಹಾಗೇ ಇಳಿದಿವೆ. ರಾಜ್‌ಕುಮಾರ್ ಅವರನ್ನು ನಾಯಕನಾಗಿ ತೆರೆಗೆ ತಂದ 1954ರ ‘ಬೇಡರ ಕಣ್ಣಪ್ಪ’ ಕೂಡ ಮೊದಲು ಗುಬ್ಬಿ ಕಂಪನಿಯ ನಾಟಕವೇ.

1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ಮಾತಾಡಿದ ಸಿನಿಮಾ, ಟೂರಿಂಗ್ ಟಾಕೀಸಿನ ಡೇರೆಗಳಲ್ಲಿ ಹಳ್ಳಿಯ ಅಂಚಿಗೂ ತಲುಪಿತು. ಟೆಂಟಿನ ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಕೇಳಿಸಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಊಟ ಬಿಟ್ಟು ಓಡುತ್ತಿದ್ದವರು ಈ ಸಭೆಯಲ್ಲಿಯೇ ಇದ್ದೀರಿ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ. ರೀಲು ಬದಲಿಸುವಾಗಲೆಲ್ಲ ಇಂಟರ್‌ವಲ್ಲು. ಟೆಂಟಿನ ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತವರ ನಡುವೆ ಯಾರ ಮನೆಯವರು ಯಾರ ಪಕ್ಕ ಎಂಬುದನ್ನು ಕತ್ತಲೆಯಲ್ಲಿ ವಿಚಾರಿಸುವವರಿರಲಿಲ್ಲ. ಹುಟ್ಟಿನ ಗೆರೆಯ ಜಾಗದಲ್ಲಿ ದರದ ಗೆರೆ ಬಂತು. ಹೊಸ ಗೆರೆಯೂ ಗೆರೆಯೇ. ಆದರೆ ನಾಲ್ಕಾಣೆ ಕೂಡಿಟ್ಟವನು ಅದನ್ನು ದಾಟಬಹುದಿತ್ತು. ಅಮೆರಿಕದ ಕರಿಯನಿಗೆ 1883ರ ತೀರ್ಪು ನಿರಾಕರಿಸಿದ ಆ ಸಣ್ಣ ಸ್ವಾತಂತ್ರ್ಯವನ್ನು ನಮ್ಮ ಟೆಂಟುಗಳು ಯಾವ ಘೋಷಣೆಯೂ ಇಲ್ಲದೆ ಎಷ್ಟೋ ಜನರಿಗೆ ಕೊಟ್ಟವು. ಈ ಮಾತು ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ದಾಖಲಾಗಬೇಕು.

ಆನೆಯ ಬೆಲೆ

ಮೂರನೆಯ ಪ್ರಶ್ನೆ, ಯಾರು ದುಡಿದರು ಎಂಬುದು. ಇದಕ್ಕೆ ಉತ್ತರ ಹುಡುಕಲು ಹೆಗ್ಗಡದೇವನಕೋಟೆಗೆ ಹೋಗಬೇಕು.

ಅದಕ್ಕೆ ಮುಂಚೆ ಅಮೆರಿಕವನ್ನೊಮ್ಮೆ ನೋಡೋಣ. ಅಲ್ಲಿನ ನಗರಗಳಿಗೆ ಆನೆಯ ಹುಚ್ಚು ಹಿಡಿದಿತ್ತು. ಸರ್ಕಸ್ಸಿನ ಪಿ.ಟಿ. ಬಾರ್ನಮ್ 1882ರಲ್ಲಿ ಲಂಡನ್ ಮೃಗಾಲಯದಿಂದ ಜಂಬೊ ಎಂಬ ಆನೆಯನ್ನು ಕೊಂಡು ತಂದ. 1884ರ ಮೇ ತಿಂಗಳಲ್ಲಿ ಹೊಸ ಬ್ರೂಕ್ಲಿನ್ ಸೇತುವೆಯ ಮೇಲೆ 21 ಆನೆಗಳನ್ನು ನಡೆಸಿ, ಸೇತುವೆ ಗಟ್ಟಿ ಎಂದು ಜನರಿಗೆ ತೋರಿಸುತ್ತಲೇ ತನ್ನ ಸರ್ಕಸ್ಸಿಗೂ ಪ್ರಚಾರ ಗಿಟ್ಟಿಸಿದ. ಕೋನಿ ಐಲೆಂಡಿನಲ್ಲಿ 1885ರಲ್ಲಿ ಆನೆಯಾಕಾರದ ಹೋಟೆಲ್ಲನ್ನೇ ಕಟ್ಟಿದರು. 1896ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. 1903ರ ಜನವರಿಯಲ್ಲಿ ಲೂನಾ ಪಾರ್ಕಿನಲ್ಲಿ ಟಾಪ್ಸಿ ಎಂಬ ಏಷ್ಯಾದ ಹೆಣ್ಣಾನೆಯನ್ನು ಮನುಷ್ಯರನ್ನು ಕೊಂದ ಆರೋಪದ ಮೇಲೆ ವಿದ್ಯುತ್ ಹರಿಸಿ ಸಾಯಿಸಿದರು. ಎಡಿಸನ್ ಕಂಪನಿ ಅದನ್ನು ಚಲನಚಿತ್ರ ಮಾಡಿತು. 

ಆ ಹೊತ್ತಿಗೆ ನಮ್ಮ ಕಬಿನಿಯ ದಡದಲ್ಲಿ ಆನೆ ಇನ್ನೊಂದು ಬಗೆಯ ಪ್ರದರ್ಶನವಾಗಿತ್ತು. ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಯಶಸ್ವಿಗೊಳಿಸಿದ, ಕಾಡಾನೆಗಳ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ, ಕಾಕನಕೋಟೆಯಲ್ಲಿ ರಾಜ ಅತಿಥಿಗಳ ಉತ್ಸವವೇ ಆಯಿತು. 1906ರಲ್ಲಿ ಬ್ರಿಟನ್ನಿನ ಯುವರಾಜ, ಮುಂದಿನ ಐದನೆಯ ಜಾರ್ಜ್, ಅದನ್ನು ನೋಡಿದರು. ವೈಸ್‌ರಾಯ್‌ಗಳು ಬಂದರು. ಕುರುಬರು ಕಾಡಿನಲ್ಲಿ ದಿನಗಟ್ಟಲೆ ಹೆಜ್ಜೆ ನೋಡಿ, ಸದ್ದು ಮಾಡಿ, ಬೆಂಕಿ ಹಿಡಿದು ಹಿಂಡನ್ನು ಹೊಳೆಯತ್ತ ಅಟ್ಟುತ್ತಿದ್ದರು. ಪಳಗಿದ ಆನೆಗಳ ಮೇಲೆ ಮಾವುತರು ಸುತ್ತುವರಿಯುತ್ತಿದ್ದರು. ಅಟ್ಟಣೆಯ ಮೇಲೆ ಅತಿಥಿಗಳು ಕೂತಿರುತ್ತಿದ್ದರು. ಜೀವ ಒತ್ತೆಯಿಟ್ಟವರು ಒಬ್ಬರು, ಚಪ್ಪಾಳೆ ತಟ್ಟಿದವರು ಇನ್ನೊಬ್ಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದು ಆ ಬಯಲು ಹಿನ್ನೀರಿನಲ್ಲಿ ಮುಳುಗಿತು.

ಈ ಎರಡು ಆನೆಲೋಕಗಳನ್ನು ಒಬ್ಬ ಹುಡುಗ ಬೆಸೆದ. ಎಚ್.ಡಿ. ಕೋಟೆಯ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ಚಿತ್ರಿಸಿದ, 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಆತ ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಚಿತ್ರಗಳಲ್ಲಿ ಜಗತ್ತು ಅವನನ್ನು ನೋಡಿತು. 1944ರಲ್ಲಿ ಅಮೆರಿಕದ ಪ್ರಜೆಯಾದ, ಅಲ್ಲಿನ ವಾಯುಪಡೆಯಲ್ಲಿ ಯುದ್ಧದ ವಿಮಾನವೇರಿದ. 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಹಾಲಿವುಡ್ ಕೊನೆಯವರೆಗೂ ಅವನಿಗೆ ಹೆಚ್ಚುಕಡಿಮೆ ಒಂದೇ ಪಾತ್ರ ಕೊಟ್ಟಿತು: ಪೂರ್ವದೇಶದ ಕಾಡಿನ ಹುಡುಗ. ಮಾವುತನ ಮಗ ತೆರೆಯ ಮೇಲೂ ಮಾವುತನೇ ಆಗಿರಬೇಕಿತ್ತು.

ಇಂದಿಗೂ ಮೈಸೂರು ದಸರೆಯ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ನಗರದ ಅತಿ ದೊಡ್ಡ ಉತ್ಸವಕ್ಕೆ ಆನೆಯೂ ಮಾವುತ, ಕಾವಾಡಿಯೂ ಈ ಕಾಡಂಚಿನಿಂದ ಹೋಗುತ್ತಾರೆ. ಅಂಬಾರಿ ಹೊತ್ತ ಆನೆಯ ಹೆಸರು ನಾಡಿಗೆಲ್ಲ ಗೊತ್ತು. ಅದರ ಕುತ್ತಿಗೆಯ ಮೇಲೆ ಕೂತವನ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಹೇಳುವ ಅಭ್ಯಾಸ ನಮಗೆ ಬರಬೇಕಾಗಿದೆ.

ನಟನೇ ಹಣ ತೆರುವ ರಂಗ

ಕೊನೆಯದಾಗಿ, ನಮ್ಮ ಸೀಮೆ ಅಮೆರಿಕದ ಮಾದರಿಯನ್ನು ತಲೆಕೆಳಗು ಮಾಡಿದ ಒಂದು ಸಂಗತಿ. ಬಾರ್ನಮ್‌ನಿಂದ ಇಂದಿನ ಮಲ್ಟಿಪ್ಲೆಕ್ಸಿನವರೆಗೆ ವ್ಯಾಪಾರಿ ವಿನೋದದ ನಿಯಮ ಒಂದೇ: ನೋಡುವವನು ತೆರುತ್ತಾನೆ, ಆಡುವವನು ಪಡೆಯುತ್ತಾನೆ. ಆದರೆ ಮೈಸೂರು, ಮಂಡ್ಯ ಸೀಮೆಯ ಪೌರಾಣಿಕ ನಾಟಕದಲ್ಲಿ ಆಡುವವನೇ ತೆರುತ್ತಾನೆ, ನೋಡುವವನಿಗೆ ಬಿಟ್ಟಿ.

ಕಂಪನಿಗಳು ಮರೆಯಾಗುತ್ತ ಬಂದಾಗ ಅವುಗಳ ‘ಕುರುಕ್ಷೇತ್ರ’ವನ್ನು ರೈತರು ಎತ್ತಿಕೊಂಡರು. ಊರಿನ ಹತ್ತಾರು ಜನ ಸೇರಿ ಪಾತ್ರ ಹಂಚಿಕೊಳ್ಳುತ್ತಾರೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣ ಪಾತ್ರಗಳಿಗೆ ಹೆಚ್ಚು ವಂತಿಗೆ, ಸಣ್ಣ ಪಾರ್ಟಿಗೆ ಕಡಿಮೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ರಾತ್ರಿ ರಾತ್ರಿ ಕಂದ, ವೃತ್ತ, ರಂಗಗೀತೆ ಕಲಿಯುತ್ತಾರೆ. ಸೀನರಿ, ಡ್ರೆಸ್ಸು, ಕಿರೀಟ, ಗದೆ ಬಾಡಿಗೆಗೆ ತರುತ್ತಾರೆ. ಹೆಣ್ಣು ಪಾತ್ರಕ್ಕೆ ವೃತ್ತಿ ಕಲಾವಿದೆಯರಿಗೆ ಸಂಭಾವನೆ ಕೊಟ್ಟು ಕರೆಸುತ್ತಾರೆ. ಸಂಜೆ ಪರದೆ ಎದ್ದರೆ ಬೆಳಗಾಗುವವರೆಗೆ ಆಟ. ಹಗಲು ಗೊಬ್ಬರ ಹೊತ್ತವನು, ಬಸ್ಸು ಓಡಿಸಿದವನು, ಕಚೇರಿಯಲ್ಲಿ ಫೈಲು ಹಿಡಿದವನು ಆ ರಾತ್ರಿ ಛಲದಂಕಮಲ್ಲ. ‘ಒನ್ಸ್ ಮೋರ್’ ಕೂಗು ಬಿದ್ದರೆ ಅವನ ವಂತಿಗೆಯ ಹಣ ಬಡ್ಡಿ ಸಮೇತ ಬಂದಂತೆ.

ಇದನ್ನು ಹಳ್ಳಿಯವರ ಹುಚ್ಚು ಎಂದು ನಕ್ಕವರಿದ್ದಾರೆ. ಸಾಲ ಮಾಡಿ ದುರ್ಯೋಧನನಾದವರ ಕಥೆಗಳೂ ಇವೆ, ಅವು ಸುಳ್ಳಲ್ಲ. ಆದರೂ ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿ. ಬಿಡುವನ್ನು ಕೊಳ್ಳುವ ಸರಕಾಗಿ ಕಾಣದೆ, ತಾನೇ ಮಾಡುವ ಕೆಲಸವಾಗಿ ಕಂಡ ಜನ ಇವರು. ಎಂಟು ಗಂಟೆ ತಮ್ಮದೆಂದು 1886ರಲ್ಲಿ ಬೀದಿಗಿಳಿದವರು ಕೇಳಿದ್ದು ಇದನ್ನೇ. ಅವರಿಗೆ ಸಿಕ್ಕಿದ್ದು ಟಿಕೆಟ್ಟು ಕೌಂಟರು.

ಆದ್ದರಿಂದ ನನ್ನ ಮಾತಿನ ಸಾರ ಇಷ್ಟು. ಒಂದು ವಿನೋದವನ್ನು ಅಳೆಯಬೇಕಾದದ್ದು ಅದರ ಹೊಸತನದಿಂದಲೂ ದೀಪಗಳ ಸಂಖ್ಯೆಯಿಂದಲೂ ಅಲ್ಲ. ಯಾರು ಒಳಗೆ ಕೂರಬಹುದು, ಯಾರ ಬೆವರಿನ ಮೇಲೆ ಅದು ನಡೆಯುತ್ತದೆ, ಕೂತವನು ಎಂದಾದರೂ ಎದ್ದು ವೇದಿಕೆ ಹತ್ತಬಹುದೆ ಎಂಬುದರಿಂದ. ಈ ಅಳತೆಯಲ್ಲಿ ಕೋನಿ ಐಲೆಂಡಿನ ಎದುರು ಒಂದು ಹಳ್ಳಿಯ ‘ಕುರುಕ್ಷೇತ್ರ’ ತಲೆ ತಗ್ಗಿಸಬೇಕಾಗಿಲ್ಲ. ಖೆಡ್ಡಾದ ಅಟ್ಟಣೆಯ ಎದುರು ನಾವು ತಗ್ಗಿಸಬೇಕು.

ಈ ವೇದಿಕೆಯಿಂದ ಮೂರು ವಿನಂತಿ. ನಾಲ್ಕು ತಾಲ್ಲೂಕುಗಳಲ್ಲಿ ಇರುವ ಭವನಗಳ ಬಾಗಿಲು ಪೌರಾಣಿಕ ನಾಟಕದವರಿಗೆ, ನೀಲಗಾರರಿಗೆ, ತಮಟೆಯವರಿಗೆ ಹಳ್ಳಿಯವರು ಭರಿಸಬಲ್ಲ ಬಾಡಿಗೆಗೆ ತೆರೆಯಲಿ. ಹಾರ್ಮೋನಿಯಂ ಮೇಷ್ಟ್ರುಗಳು, ಟೆಂಟಿನಲ್ಲಿ ರೀಲು ಓಡಿಸಿದವರು, ಖೆಡ್ಡಾದಲ್ಲಿ ಹಿಂಡು ಅಟ್ಟಿದ ಹಾಡಿಯ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರ ಮಾತನ್ನು ಶಾಲಾ ಕಾಲೇಜುಗಳ ಮಕ್ಕಳು ಬರೆದುಕೊಳ್ಳಲಿ. ಈ ದತ್ತಿಯ ಮುಂದಿನ ವರ್ಷದ ಉಪನ್ಯಾಸವನ್ನು ಅವರಲ್ಲಿ ಒಬ್ಬರು ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.